ಗುಳ್ಳೆ ಎದ್ದ ಜಾಗ

ಹೋದ ಡಿಸೆಂಬರ್‌ನಲ್ಲಿ ಒಂದು ಶನಿವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಹೋಗಿದ್ದೆವು. ನಾನು, ಅಪ್ಪ, ಅಮ್ಮ. ಮೇಲಿನ ತಿರುವುಗಳಲ್ಲಿ ಎರಡನೇ ಗೇರ್ ಹಾಕಿ ಕಾಲು ಒತ್ತಿದರೆ ಕಾರು ಮೊದಲಿನ ಹಾಗೆ ನುಗ್ಗಲಿಲ್ಲ. ಹತ್ತಿತು, ಹತ್ತದೆ ಏನಿಲ್ಲ. ಆದರೆ ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದ ಹಾಗೆ ಇತ್ತು. ಜೊತೆಗೆ ಬಾನೆಟ್ ಒಳಗಿಂದ ಸಣ್ಣಗೆ ‘ಸುಯ್’ ಅನ್ನೋ ಸದ್ದು. ಅಮ್ಮ ಹಿಂದಿನ ಸೀಟಿನಿಂದ ಕೇಳಿದರು: “ಏನೇ ಅದು? ಕುಕ್ಕರ್ ಸೋರೋ ಥರ ಸದ್ದು!”

ಆ ಮಾತು ಎಷ್ಟು ನಿಜ ಅಂತ ನನಗೆ ಗೊತ್ತಾಗಿದ್ದು ಎರಡು ವಾರ ಆದ ಮೇಲೆ.

ನನ್ನದು ಅಬಾರ್ತ್ ಪುಂಟೊ. 2016ರ ಗಾಡಿ, 2019ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಫಿಯಟ್ ಇದನ್ನು 2015ರ ಅಕ್ಟೋಬರ್‌ನಲ್ಲಿ ನಮ್ಮ ದೇಶದಲ್ಲಿ ಬಿಟ್ಟಿತು. ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ ತಯಾರಾಗುತ್ತಿತ್ತು. ನೋಡೋಕೆ ಸಾಧಾರಣ ಪುಂಟೊನೇ. ಒಳಗೆ 1.4 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 145 ಕುದುರೆ ಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಮುಂದೆ ಹಿಂದೆ ಚೇಳಿನ ಲಾಂಛನ. ಕಾರು ಮನೆಗೆ ಬಂದ ದಿನ ಅಮ್ಮ ಆ ಚೇಳು ನೋಡಿ ಮುಖ ಕಿವುಚಿದ್ದರು. ಆಮೇಲೆ ನಾನು ಕಥೆ ಹೇಳಿದೆ. 1949ರಲ್ಲಿ ಈ ಕಂಪನಿ ಕಟ್ಟಿದ ಕಾರ್ಲೊ ಅಬಾರ್ತ್ ನವೆಂಬರ್‌ನಲ್ಲಿ ಹುಟ್ಟಿದವರು, ಅವರದು ವೃಶ್ಚಿಕ ರಾಶಿ, ಅದಕ್ಕೇ ಚೇಳು ಅಂತ. “ರಾಶಿ ನೋಡಿ ಇಟ್ಟಿದ್ದಾ? ಹಾಗಾದ್ರೆ ಸರಿ” ಅಂದು ಅರಿಶಿನ ಕುಂಕುಮ ಹಚ್ಚಿ, ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟರು.

ಅಪ್ಪ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಟೂಲ್ ರೂಮಿನಲ್ಲಿ ಇದ್ದವರು. ವಿದ್ಯಾರಣ್ಯಪುರದ ನಮ್ಮ 30×40 ಸೈಟಿನ ಮನೆಯಲ್ಲಿ ಪೋರ್ಟಿಕೊ ಅಂದರೆ ಅವರದೇ ವರ್ಕ್‌ಶಾಪ್. ನಾನು ಚಿಕ್ಕವಳಿದ್ದಾಗ ಅಲ್ಲಿ ಬಿಳಿ ಪ್ರೀಮಿಯರ್ ಪದ್ಮಿನಿ ನಿಲ್ಲುತ್ತಿತ್ತು. ನಮ್ಮ ಮನೆಯಲ್ಲಿ ಯಾರೂ ಅದನ್ನು ಪದ್ಮಿನಿ ಅನ್ನಲಿಲ್ಲ, ಬರೀ ಫಿಯಟ್. ಸ್ಟೇರಿಂಗ್ ಪಕ್ಕದಲ್ಲೇ ಗೇರ್. ಭಾನುವಾರ ಬಂತೆಂದರೆ ಅಪ್ಪ ಪ್ಲಗ್ ಬಿಚ್ಚಿ ಉಜ್ಜುತ್ತಿದ್ದರು, ಪಾಯಿಂಟಿನ ಗ್ಯಾಪ್ ಫೀಲರ್ ಗೇಜ್ ಹಾಕಿ ನೋಡುತ್ತಿದ್ದರು. ಸಂದು ಅಳೆಯೋ ತೆಳು ಉಕ್ಕಿನ ಎಲೆಗಳ ಗೊಂಚಲು ಅದು. ಗೇಜಿನ ಎಲೆಗಳನ್ನು ಒಂದೊಂದೇ ಬಿಡಿಸಿ ಕೊಡೋದು ನನ್ನ ಕೆಲಸ. ಆ ಕಾಲದಿಂದಲೂ ಅವರ ಹತ್ತಿರ ಒಂದು ನೋಟ್‌ಬುಕ್ ಇದೆ. ತಾರೀಕು, ಕಿಲೋಮೀಟರ್, ಹಾಕಿದ ಪೆಟ್ರೋಲ್, ಮಾಡಿದ ಕೆಲಸ. ಫಿಯಟ್ ಹೋಗಿ ಎಷ್ಟೋ ವರ್ಷ ಆಯ್ತು. ಈಗ ಅದೇ ಥರದ ನೋಟ್‌ಬುಕ್ ನನ್ನ ಕಾರಿಗೂ ಇದೆ. ಬರೆಯೋದು ಅವರೇ.

ನಂದಿಯಿಂದ ಬಂದ ಮೇಲೆ ನನ್ನ ತಲೆಯಲ್ಲಿ ಒಂದೇ ಹುಳ. ರೀಮ್ಯಾಪ್ ಮಾಡಿಸಬೇಕು. ಅಂದರೆ ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ, ಟರ್ಬೊ ಎಂಜಿನ್ನಿಗೆ ತಳ್ಳೋ ಗಾಳಿಯ ಒತ್ತಡ ಏರಿಸೋದು. ಒಂದು ಕಡೆ ವಿಚಾರಿಸಿದೆ. 30 ಸಾವಿರದ ಮೇಲೆ ಹೇಳಿದರು, ಇನ್ನೂ 30 ಕುದುರೆ ಬರುತ್ತೆ ಅಂದರು. ನಾನು ಕಾರಿಗೆ ಮೊದಲೂ ಕೆಲವು ಬದಲಾವಣೆ ಮಾಡಿದ್ದೆ. ಒಳ್ಳೆ ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್, ಒಳ್ಳೆ ಟೈರ್. ತೊಳೆದು ಮತ್ತೆ ಬಳಸೋ ಕಾಟನ್ ಏರ್ ಫಿಲ್ಟರ್ ಕೂಡ ಹಾಕಿದ್ದೆ. ನಮ್ಮ ಊರಿನ ಮೆಟ್ರೊ ಕೆಲಸದ ಧೂಳು ನೋಡಿ ಅದನ್ನು ತೆಗೆದು ವಾಪಸ್ ಪೇಪರ್ ಫಿಲ್ಟರಿಗೇ ಬಂದೆ. ಸೈಲೆನ್ಸರ್ ಮುಟ್ಟಿಲ್ಲ, ಹೊರಗೆ ಕಾಣೋದು ಏನನ್ನೂ ಬದಲಿಸಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊರತಾದ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಇದೆಲ್ಲ ಗೊತ್ತಿದ್ದೂ ಆ 30 ಕುದುರೆ ನನ್ನನ್ನು ಬಿಡಲಿಲ್ಲ.

ಅಪ್ಪನಿಗೆ ಹೇಳಿದೆ. ಅವರು ಬೇಡ ಅನ್ನಲಿಲ್ಲ. “ನೋಡಮ್ಮ, ಕಾರು ತಗೊಂಡಾಗ ಇದ್ದ 145 ಕುದುರೆ ಈಗ ಇದೆಯಾ ಅಂತ ಮೊದಲು ಎಣಿಸು. ಆಮೇಲೆ 30 ಸೇರಿಸೋಣ” ಅಂದರು.

ಹೇಗೆ ಎಣಿಸೋದು? ನನ್ನ ಹತ್ತಿರ ಬೆಂಕಿಪೊಟ್ಟಣದಷ್ಟು ಚಿಕ್ಕ ಬ್ಲೂಟೂತ್ ಸ್ಕ್ಯಾನರ್ ಇದೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಫೋನಿನಲ್ಲಿ ಎಂಜಿನ್ ಲೆಕ್ಕ ಕಾಣುತ್ತೆ. ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಇಗ್ನಿಷನ್ ಆನ್ ಮಾಡಿದರೆ ಒಳಗಿನ ಗಾಳಿಯ ಒತ್ತಡ 91 ಕಿಲೋಪಾಸ್ಕಲ್ ತೋರಿಸಿತು. ಸಮುದ್ರ ಮಟ್ಟದಲ್ಲಿ ಇದು 101 ಇರುತ್ತೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ನಮ್ಮ ಗಾಳಿ ತೆಳು. ಟರ್ಬೊ ಇಲ್ಲದ ಕಾರು ಇಲ್ಲಿ ಹತ್ತರಲ್ಲಿ ಒಂದು ಪಾಲು ಶಕ್ತಿ ಸುಮ್ನೆ ಕಳೆದುಕೊಳ್ಳುತ್ತೆ. ಟರ್ಬೊ ಇದ್ದರೆ ಆ ಕೊರತೆಯನ್ನು ಬಹುಪಾಲು ತುಂಬಿಕೊಡುತ್ತೆ. ಈ ಊರಿನಲ್ಲಿ ಟರ್ಬೊ ಕಾರು ಓಡಿಸೋ ಸಂತೋಷವೇ ಅದು.

ಮಾರನೇ ಭಾನುವಾರ ಬೆಳಗ್ಗೆ ಐದೂವರೆಗೆ ಯಲಹಂಕ ದಾಟಿ ದೊಡ್ಡಬಳ್ಳಾಪುರ ರಸ್ತೆಗೆ ಹೋದೆವು. ರಾಜಾನುಕುಂಟೆ ಆಚೆ ಖಾಲಿ ಜಾಗದಲ್ಲಿ ಮೂರನೇ ಗೇರ್, 2000 ಆರ್‌ಪಿಎಂನಿಂದ ಪೂರ್ತಿ ಕಾಲು. ಅಪ್ಪ ಫೋನ್ ಹಿಡಿದು ಅದೇ ಒತ್ತಡದ ಅಂಕಿ ನೋಡುತ್ತಾ ಕೂತಿದ್ದರು. “158” ಅಂದರು. ಇನ್ನೊಂದು ಸಲ. “157.” ಕಾರು ತಗೊಂಡ ಹೊಸದರಲ್ಲಿ ನಾನು ನೋಡಿದ್ದು 195ರ ಮೇಲೆ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿರಲಿಲ್ಲ. ಆದರೆ ಸ್ಕ್ಯಾನರಿನಲ್ಲಿ ಪಿ0299 ಅಂತ ಒಂದು ಕೋಡ್ ಸದ್ದಿಲ್ಲದೆ ಕೂತಿತ್ತು. ಟರ್ಬೊ ಒತ್ತಡ ಕಡಿಮೆ ಅಂತ ಅದರ ಅರ್ಥ.

ಎಂಜಿನ್‌ನಿಂದ ಹೊರಗೆ ಹೋಗೋ ಹೊಗೆ ಟರ್ಬೊದ ಒಂದು ಚಕ್ರ ತಿರುಗಿಸುತ್ತೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತಳ್ಳುತ್ತೆ. ಒತ್ತಿದ ಗಾಳಿ ಬಿಸಿ ಆಗುತ್ತೆ, ಇಂಟರ್‌ಕೂಲರ್‌ನಲ್ಲಿ ತಣ್ಣಗಾಗಿ, ಎಂಜಿನ್ನಿಗೆ ಎಷ್ಟು ಗಾಳಿ ಬಿಡಬೇಕು ಅಂತ ಹಿಡಿತದಲ್ಲಿಡೋ ಥ್ರಾಟಲ್ ಬಾಡಿಗೆ ಬರುತ್ತೆ. ಈ ದಾರಿಯ ತುಂಬ ರಬ್ಬರ್ ಹೋಸ್‌ಗಳು. ಒಂದು ಕಡೆ ಸೋರಿದರೂ ಕಥೆ ಮುಗೀತು. ಐಡಲ್‌ನಲ್ಲಿ, ಅಂದರೆ ಕಾಲು ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ, ಒತ್ತಡವೇ ಇಲ್ಲ, ಹಾಗಾಗಿ ಏನೂ ಗೊತ್ತಾಗಲ್ಲ. ಕಾಲು ಒತ್ತಿದಾಗ ಮಾತ್ರ ‘ಸುಯ್’. ಗ್ಯಾಸ್ಕೆಟ್ ಹಳೆಯದಾದ ಕುಕ್ಕರ್ ಹೀಗೇ ಅಲ್ವಾ? ಒಲೆ ಎಷ್ಟು ಜೋರು ಮಾಡಿದರೂ ಸೀಟಿ ಬರಲ್ಲ, ಪಕ್ಕದಿಂದ ಹಬೆ ಹೋಗುತ್ತಿರುತ್ತೆ. ಅಮ್ಮ ಸರಿಯಾಗೇ ಕೇಳಿಸಿಕೊಂಡಿದ್ದರು.

ಈ ಸ್ಥಿತಿಯಲ್ಲಿ ರೀಮ್ಯಾಪ್ ಮಾಡಿಸಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಮೈ ಜುಮ್ ಅನ್ನುತ್ತೆ. ಸೋರೋ ಗಾಳಿಯ ಜೊತೆಗೆ ಇನ್ನೂ ಹೆಚ್ಚಿನ ಒತ್ತಡ ಕೊಡು ಅಂತ ಟರ್ಬೊಗೆ ಹೇಳಿದ ಹಾಗೆ. ಅದು ತಾಳಬೇಕಾದ್ದಕ್ಕಿಂತ ಜಾಸ್ತಿ ವೇಗದಲ್ಲಿ ತಿರುಗಿ ತಿರುಗಿ ಕೆಟ್ಟುಹೋಗಬಹುದಿತ್ತು.

ಮನೆಗೆ ಬಂದು ತಿಂಡಿ ತಿಂದು ಕೆಲಸಕ್ಕೆ ಕೂತೆವು. ಎಂಜಿನ್ ಆಫ್ ಇಟ್ಟು, ಹೊರಗಿಂದ ಗಾಳಿ ತುಂಬಿ, ಎಲ್ಲಿ ಸೋರುತ್ತೆ ಅಂತ ಹುಡುಕೋದು ಉಪಾಯ. ಅಪ್ಪ ಹಾರ್ಡ್‌ವೇರ್ ಅಂಗಡಿಯಿಂದ ಪಿವಿಸಿ ಎಂಡ್ ಕ್ಯಾಪ್ ತಂದರು, ಪಂಚರ್ ಅಂಗಡಿಯಿಂದ ಟ್ಯೂಬ್‌ಲೆಸ್ ಟೈರಿನ ವಾಲ್ವ್. ಕ್ಯಾಪಿನ ನಡುವೆ ಡ್ರಿಲ್ ಮಾಡಿ ವಾಲ್ವ್ ಎಳೆದು ಕೂರಿಸಿದರು. ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿ, ಟರ್ಬೊಗೆ ಗಾಳಿ ಹೋಗೋ ಹೋಸಿನ ಬಾಯಿಗೆ ಆ ಕ್ಯಾಪ್ ತೂರಿಸಿ ಕ್ಲ್ಯಾಂಪ್ ಬಿಗಿದೆವು. ಎಂಜಿನ್ ಒಳಗಿನ ಆವಿಯನ್ನು ಅದೇ ಹೋಸಿಗೆ ತರೋ ಬ್ರೀದರ್ ಪೈಪನ್ನು ಬಿಚ್ಚಿ, ಆ ತೂತಿಗೆ ಒಂದು ದಪ್ಪ ಬೋಲ್ಟ್ ತುರುಕಿದೆವು. ಆಮೇಲೆ ಟೈರಿಗೆ ಗಾಳಿ ಹೊಡೆಯೋ 12 ವೋಲ್ಟ್ ಪಂಪ್ ಹಚ್ಚಿದೆ.

ಮುಳ್ಳು 8 ಪಿಎಸ್‌ಐ ದಾಟಿತ್ತಷ್ಟೇ, ‘ಢಬ್’ ಅಂತ ಕ್ಯಾಪ್ ಹಾರಿ ಬಾನೆಟ್ಟಿಗೆ ಬಡಿಯಿತು. ಪಕ್ಕದ ಮನೆಯ ಆಂಟಿ ಗಾಬರಿಯಾಗಿ ಗೇಟಿನ ಹತ್ತಿರ ಬಂದರು. ಅಪ್ಪ ಮೊದಲೇ ನನ್ನನ್ನು ಪಕ್ಕಕ್ಕೆ ನಿಲ್ಲಿಸಿದ್ದರು, ಕ್ಯಾಪಿನ ಎದುರಿಗೆ ಯಾರೂ ಇರಲಿಲ್ಲ. ಇದನ್ನು ಮನೆಯಲ್ಲಿ ಮಾಡೋರು ಈ ಒಂದು ವಿಷಯ ನೆನಪಿಡಲೇಬೇಕು. ಎದುರಿಗೆ ಬಗ್ಗಬೇಡಿ, 12 ಪಿಎಸ್‌ಐ ಮೇಲೆ ಹೋಗಬೇಡಿ. ನಾವು ಎರಡನೇ ಸಲ ಎರಡು ಕ್ಲ್ಯಾಂಪ್ ಹಾಕಿ, 10ಕ್ಕೆ ನಿಲ್ಲಿಸಿದೆವು.

ಪಂಪ್ ನಿಂತ ಮೇಲೆ ಕಿವಿಗೆ ಸಣ್ಣ ಸದ್ದುಗಳು ಬಂದವು. ಸ್ವಲ್ಪ ಗಾಳಿ ವಾಲ್ವ್ ದಾಟಿ, ಪಿಸ್ಟನ್ ಪಕ್ಕದಿಂದ ನುಸುಳುತ್ತೆ. ಅದು ಸಹಜ. ನಮಗೆ ಬೇಕಾಗಿದ್ದು ಬೇರೆ. ಅಮ್ಮ ಇಸ್ತ್ರಿಗೆ ನೀರು ಚಿಮುಕಿಸೋ ಬಾಟಲಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಬೆರೆಸಿಕೊಂಡು ಒಂದೊಂದೇ ಜೋಡಣೆಗೆ ಹೊಡೆಯುತ್ತಾ ಬಂದೆ. ಟರ್ಬೊದ ಹತ್ತಿರ ಏನಿಲ್ಲ. ಇಂಟರ್‌ಕೂಲರ್‌ನ ಎರಡೂ ಕಡೆ ಏನಿಲ್ಲ. ಥ್ರಾಟಲ್ ಬಾಡಿಗೆ ಸೇರೋ ಹೋಸಿನ ಮೇಲ್ಭಾಗವೂ ಒಣಗಿತ್ತು. ಕೈ ಕೆಳಗೆ ಹಾಕಿ ಅದರ ಅಡಿಗೆ ಹೊಡೆದೆ. ಟಾರ್ಚ್ ಹಿಡಿದು ಕನ್ನಡಿ ಓರೆ ಮಾಡಿ ನೋಡಿದೆ.

ಮೊದಲು ಸಾಸಿವೆ ಕಾಳಿನಷ್ಟು ಬಿಳಿ ನೊರೆ. ಅದರ ಪಕ್ಕದಲ್ಲಿ ಇನ್ನೊಂದು. ಆಮೇಲೆ ಒಂದೇ ಗುಳ್ಳೆ ನಿಧಾನವಾಗಿ ಉಬ್ಬಿ, ನೆಲ್ಲಿಕಾಯಿ ಗಾತ್ರ ಆಗಿ, ಮೈಮೇಲೆ ನೀಲಿ ಗುಲಾಬಿ ಬಣ್ಣ ಸುಳಿದಾಡಿ, ಒಡೆಯಿತು. ಅದೇ ಜಾಗದಲ್ಲಿ ಮತ್ತೆ ಒಂದು ಎದ್ದಿತು. ಪಂಚರ್ ಅಂಗಡಿಯ ನೀರಿನ ತೊಟ್ಟಿಯಲ್ಲಿ ಟ್ಯೂಬ್ ಮುಳುಗಿಸಿದಾಗ ಬರುತ್ತಲ್ಲ, ಥೇಟ್ ಹಾಗೆ. “ಸಿಕ್ತು ಅಪ್ಪಾ” ಅಂದಾಗ ನನ್ನ ದನಿ ನಡುಗಿತು.

ಹೋಸ್ ಬಿಚ್ಚಿ ನೋಡಿದರೆ ಕ್ಲ್ಯಾಂಪ್ ಕೂತಿದ್ದ ಗೆರೆಯ ಉದ್ದಕ್ಕೂ ರಬ್ಬರ್ ಸೀಳಿತ್ತು. ಹೆಚ್ಚೆಂದರೆ ಹೆಬ್ಬೆರಳಿನ ಉಗುರಿನಷ್ಟು. ಅಪ್ಪ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಥ್ರಾಟಲ್ ಬಾಡಿಯ ಬಾಯಲ್ಲಿ ಬಳೆಯ ಹಾಗೆ ಒಂದು ಉಬ್ಬು ಇದೆ. ಕ್ಲ್ಯಾಂಪ್ ಆ ಬಳೆಯ ಹಿಂದೆ ಕೂರಬೇಕು. ಇದು ಬಳೆಯ ಮೇಲೇ ಓರೆಯಾಗಿ ಕೂತಿತ್ತು. ಬಳೆ ಮತ್ತು ಕ್ಲ್ಯಾಂಪಿನ ನಡುವೆ ಸಿಕ್ಕಿ ರಬ್ಬರ್ ದಿನಾ ಸ್ವಲ್ಪ ಸ್ವಲ್ಪ ಕತ್ತರಿಸಿಕೊಂಡಿತ್ತು.

ಅವರು ಏನೂ ಹೇಳದೆ ಒಳಗೆ ಹೋಗಿ ನೋಟ್‌ಬುಕ್ ತಂದರು. ಜನವರಿಯ ಪುಟ ತೆಗೆದರು. ‘ಥ್ರಾಟಲ್ ಬಾಡಿ ಕ್ಲೀನ್ ಮಾಡಿದ್ದು’ ಅಂತ ಒಂದು ಸಾಲು, ಪಕ್ಕದಲ್ಲಿ ನನ್ನ ಹೆಸರು. ಆ ವಾರ ಅಪ್ಪ ಊರಿನಲ್ಲಿರಲಿಲ್ಲ, ಒಬ್ಬಳೇ ಮಾಡಿದ್ದೆ. ಕತ್ತಲಾಗಿತ್ತು. ಅವಸರದಲ್ಲಿ ಕ್ಲ್ಯಾಂಪ್ ಬಿಗಿದು ಎದ್ದಿದ್ದೆ. ಆ ಸಾಲಿನಿಂದ ಕೆಳಗೆ ಬೆರಳು ಇಳಿಸುತ್ತಾ ಹೋದರೆ ಮೈಲೇಜ್ ಲೆಕ್ಕ. ಅಲ್ಲಿಯವರೆಗೆ ಊರೊಳಗೆ ಲೀಟರಿಗೆ ಹತ್ತರ ಮೇಲಿದ್ದದ್ದು ಏಪ್ರಿಲ್‌ನಲ್ಲಿ ಒಂಬತ್ತೂವರೆ, ಆಗಸ್ಟಿನಲ್ಲಿ ಒಂಬತ್ತು. ಹನ್ನೊಂದು ತಿಂಗಳು ಕಾರು ಹೇಳುತ್ತಲೇ ಇತ್ತು. ಬರೆದಿಟ್ಟವರು ಅಪ್ಪ. ಓದಬೇಕಾಗಿದ್ದವಳು ನಾನು. ನನಗೆ ತುಂಬ ಸಂಕಟ ಆಯಿತು. ಅಪ್ಪ ನನ್ನ ಭುಜ ತಟ್ಟಿ, “ಕೈ ಆಡಿಸಿದವರ ಕೈಯಲ್ಲೇ ತಪ್ಪೂ ಆಗೋದು. ಕಾಫಿ ಕುಡಿ, ಆರೋಗುತ್ತೆ” ಅಂದರು.

ಸೋಮವಾರ ಅರ್ಧ ದಿನ ರಜೆ ಹಾಕಿದೆ. ಹಳೇ ಹೋಸನ್ನು ಚೀಲದಲ್ಲಿ ಹಾಕಿಕೊಂಡು ಟೌನ್‌ಹಾಲ್ ಹತ್ತಿರ ಬಸ್ ಇಳಿದು ಜೆ.ಸಿ. ರಸ್ತೆಯಲ್ಲಿ ಮಿನರ್ವ ಸರ್ಕಲ್ ಕಡೆ ನಡೆದೆ. ಈ ಕಾರು ಈಗ ತಯಾರಾಗುತ್ತಿಲ್ಲ, ಅದೇ ಹೋಸ್ ಸಿಗೋದು ಕಷ್ಟ. ನಾಲ್ಕನೇ ಅಂಗಡಿಯವರು ನನ್ನ ಹಳೇ ಹೋಸ್ ತಗೊಂಡು, ವರ್ನಿಯರ್ ಹಾಕಿ ಎರಡೂ ಬಾಯಿ ಅಳೆದು, ಅದೇ ಬಾಗು ಇರೋ ಸಿಲಿಕೋನ್ ಹೋಸ್ ತೆಗೆದುಕೊಟ್ಟರು. “ಒಳಗಡೆ ಎಣ್ಣೆ ತಡೆಯೋ ಪದರ ಇದೆ ಮೇಡಂ, ಇಲ್ಲದ್ದು ತಗೊಂಡ್ರೆ ಆರು ತಿಂಗಳಿಗೆ ಬೆವರುತ್ತೆ” ಅಂದರು. ಟರ್ಬೊ ದಾಟಿದ ಗಾಳಿಯಲ್ಲಿ ಎಣ್ಣೆಯ ಹಬೆ ಇದ್ದೇ ಇರುತ್ತೆ, ಬರೀ ಸಿಲಿಕೋನ್ ಅದನ್ನು ತಡೆಯಲ್ಲ. ಅಷ್ಟು ತಿಳಿದು ಮಾರೋರು ಸಿಕ್ಕಿದ್ದು ನನ್ನ ಪುಣ್ಯ. ಅಗಲವಾದ ಎರಡು ಕ್ಲ್ಯಾಂಪೂ ಅಲ್ಲೇ ತಗೊಂಡೆ.

ಸಂಜೆ ಹಾಕಿದ್ದು ನಾನೇ. ಅಪ್ಪ ಸ್ಟೂಲ್ ಹಾಕಿ ಟಾರ್ಚ್ ಹಿಡಿದು ಕೂತರು. ಬಾಯಿ ಒರೆಸಿ, ಹೋಸ್ ಪೂರ್ತಿ ಒಳಗೆ ತಳ್ಳಿ, ಬಳೆ ಎಲ್ಲಿದೆ ಅಂತ ಬೆರಳಲ್ಲಿ ಸವರಿ, ಅದರ ಹಿಂದೆ ಕ್ಲ್ಯಾಂಪ್ ಕೂರಿಸಿದೆ. ಬಿಗಿದ ಮೇಲೆ ಕನ್ನಡಿ ಹಿಡಿದು ಸುತ್ತ ನೋಡಿದೆ. ಮತ್ತೆ ಪಂಪ್, ಮತ್ತೆ ಸಾಬೂನು ನೀರು. ನೀರು ಹೋಸಿನ ಮೇಲಿಂದ ಸುಮ್ಮನೆ ಜಾರಿ ಕೆಳಗೆ ಬಿತ್ತು. ಎಲ್ಲೂ ಗುಳ್ಳೆ ಇಲ್ಲ.

ಮುಂದಿನ ಭಾನುವಾರ ಅದೇ ರಸ್ತೆ, ಅದೇ ಹೊತ್ತು, ಮೂರನೇ ಗೇರ್. ಬೆನ್ನು ಸೀಟಿಗೆ ಒತ್ತಿಕೊಂಡ ಕ್ಷಣವೇ ನನಗೆ ಗೊತ್ತಾಯಿತು. ಆದರೂ ಅಪ್ಪ ಅಂಕಿ ಹೇಳುವವರೆಗೆ ಕಾದೆ. “197” ಅಂದರು. ವಾಪಸ್ ಬರುವಾಗ ಯಲಹಂಕದಲ್ಲಿ ನಿಲ್ಲಿಸಿ ಇಡ್ಲಿ ತಿಂದೆವು. ರೀಮ್ಯಾಪ್ ವಿಷಯ ಇಬ್ಬರೂ ಎತ್ತಲಿಲ್ಲ. ಮನೆಗೆ ಬಂದ ಮೇಲೆ ಅಪ್ಪ ನೋಟ್‌ಬುಕ್ ತೆಗೆದು ನನ್ನ ಮುಂದೆ ಇಟ್ಟು ಪೆನ್ನು ಕೊಟ್ಟರು. ತಾರೀಕು, ಕಿಲೋಮೀಟರ್ ಬರೆದು, ‘ಥ್ರಾಟಲ್ ಹೋಸ್ ಬದಲು, ಕ್ಲ್ಯಾಂಪ್ ಬಳೆಯ ಹಿಂದೆ’ ಅಂತ ಬರೆದೆ. ಕೆಳಗಿನ ಸಾಲಿನಲ್ಲಿ ಅಪ್ಪ ಆಗಲೇ ಪೆನ್ಸಿಲ್ಲಿನಲ್ಲಿ ಗೀಚಿದ್ದರು: ‘ಹಿಂದಿನ ಬ್ರೇಕ್ ಪ್ಯಾಡ್, ಮುಂದಿನ ತಿಂಗಳು ನೋಡುವುದು.’