ಫ್ರೀ ಭಾನುವಾರ ಅಂತ ಸಿರಾಕೂಸಾಗೆ ಹೋಗಬೇಡಿ

ಇಟಲಿಯ ಸಿಸಿಲಿ ದ್ವೀಪದಲ್ಲಿ ತಿಂಗಳ ಮೊದಲ ಭಾನುವಾರ ಸರ್ಕಾರಿ ಪುರಾತತ್ವ ಸ್ಥಳಗಳಿಗೆ ಟಿಕೆಟ್ ಇಲ್ಲ. ಮ್ಯೂನಿಕ್‌ನಲ್ಲಿ ಕೂತು ಪ್ಲಾನ್ ಮಾಡುವಾಗ ಇದು ಕಣ್ಣಿಗೆ ಬಿತ್ತು. ನಾವು ಮೂವರು ದೊಡ್ಡವರು, ಇಬ್ಬರು ಮಕ್ಕಳು. ಟಿಕೆಟ್ ದುಡ್ಡು ಉಳಿಯುತ್ತೆ ಅಂತ ಜೂನ್ ತಿಂಗಳ ಮೊದಲ ಭಾನುವಾರವನ್ನೇ ಅಲ್ಲಿನ ಹಳೇ ಗ್ರೀಕ್ ಊರು ಸಿರಾಕೂಸಾಗೆ ಇಟ್ಟುಕೊಂಡೆವು. ಆ ದಿನ ನಮಗೆ ಆದ ಕಷ್ಟ ಬೇರೆ ಯಾರಿಗೂ ಆಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಊರು ಮಾತ್ರ ಅಪರೂಪದ್ದು. ಖಂಡಿತ ಹೋಗಿ, ಆದರೆ ವಾರದ ಮಧ್ಯೆ ಹೋಗಿ.

ನಾವು ಉಳಿದುಕೊಂಡಿದ್ದು ಕತಾನಿಯಾದಲ್ಲಿ. ಅಲ್ಲಿಂದ ಸಿರಾಕೂಸಾಗೆ ಬಸ್ಸಿನಲ್ಲಿ ಒಂದೂಕಾಲು ಗಂಟೆ ದಾರಿ. ಎಂಟೂವರೆಯ ಬಸ್ಸಿಗೆ ಎಂಟು ಗಂಟೆಗೇ ಹೋಗಿ ಟಿಕೆಟ್ ತಗೊಂಡು ನಿಂತೆವು. ಟಿಕೆಟ್ ಮೇಲೆ ಸೀಟ್ ನಂಬರ್ ಇರಲಿಲ್ಲ. ಕೌಂಟರಿನಲ್ಲಿ ಕೇಳಿದರೆ ಏನೂ ತೊಂದರೆಯಿಲ್ಲ ಅನ್ನುವ ಹಾಗೆ ಕೈ ಆಡಿಸಿದರು. ಬಸ್ ಬಂದಾಗ ಸಾಲು ಅನ್ನೋದೇ ಇರಲಿಲ್ಲ. ಸೂಟ್‌ಕೇಸ್ ಹಿಡಿದವರು ಡಿಕ್ಕಿಯ ಕಡೆಯಿಂದ, ಉಳಿದವರು ಬಾಗಿಲ ಎರಡೂ ಪಕ್ಕದಿಂದ ನುಗ್ಗಿದರು. ನಮ್ಮ ಸರದಿ ಬರುವಷ್ಟರಲ್ಲಿ ಡ್ರೈವರ್ ಎರಡು ಬೆರಳು ತೋರಿಸಿದ. ಎರಡೇ ಸೀಟು ಉಳಿದಿದೆ, ನಿಂತು ಬರುವ ಹಾಗಿಲ್ಲ. ಎಪ್ಪತ್ತು ದಾಟಿದ ಅತ್ತೆಯನ್ನೂ ಏಳು ವರ್ಷದ ಮಗಳನ್ನೂ ಮಾತ್ರ ಗೊತ್ತಿಲ್ಲದ ಊರಿಗೆ ಹತ್ತಿಸಿ ಕಳಿಸೋಕೆ ಆಗುತ್ತಾ? ಕೆಳಗೇ ಉಳಿದೆವು.

ಭಾನುವಾರ ಬಸ್ಸು ಕಡಿಮೆ. ಮುಂದಿನದು ಬಂದಿದ್ದು ಹತ್ತು ಗಂಟೆಗೆ. ನಿಂತ ಜಾಗದಲ್ಲಿ ನೆರಳಿರಲಿಲ್ಲ, ಕೂರಲು ಒಂದು ಬೆಂಚೂ ಇರಲಿಲ್ಲ. ಅತ್ತೆ ತಮ್ಮ ಕೈಚೀಲವನ್ನೇ ಮಡಚಿ ಮೆಟ್ಟಿಲ ಮೇಲೆ ಹಾಕಿ ಕೂತರು. ಎರಡನೇ ಬಸ್ಸಿಗೆ ನಮ್ಮ ಯಜಮಾನರು ಬಾಗಿಲ ಪಕ್ಕದಲ್ಲೇ ನಿಂತಿದ್ದರಿಂದ ಐದೂ ಜನರಿಗೆ ಸೀಟು ಸಿಕ್ಕಿತು, ಆದರೆ ಐದು ಬೇರೆ ಬೇರೆ ಕಡೆ. ಎಸಿ ಹೆಸರಿಗೆ ಮಾತ್ರ ಇತ್ತು. ಕಿಟಕಿ ತೆಗೆಯುವಂಥದ್ದಲ್ಲ. ಅರ್ಧ ದಾರಿಯಲ್ಲಿ ಮಗಳಿಗೆ ವಾಂತಿ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಭಾಷೆ ಬಾರದಿದ್ದರೂ ತಮ್ಮ ಬ್ಯಾಗಿನಿಂದ ನಿಂಬೆಹಣ್ಣು ತೆಗೆದು, ಉಗುರಲ್ಲಿ ಸಿಪ್ಪೆ ಗೀರಿ, ಅವಳ ಮೂಗಿಗೆ ಹಿಡಿದರು. ಊರಿನ ಘಾಟಿ ಬಸ್ಸುಗಳಲ್ಲಿ ನಮ್ಮಮ್ಮ ಮಾಡುತ್ತಿದ್ದದ್ದೂ ಇದನ್ನೇ.

ಸಿರಾಕೂಸಾ ಮುಟ್ಟಿದಾಗ ಹನ್ನೊಂದೂ ಇಪ್ಪತ್ತು. ಬೆಳಗಿನ ತಂಪೆಲ್ಲ ಬಸ್ ಸ್ಟ್ಯಾಂಡಿನಲ್ಲೇ ಕಳೆದುಹೋಗಿತ್ತು. ನೀವು ಹೋಗುವುದಾದರೆ ರೈಲಿನಲ್ಲಿ ಹೋಗಿ. ಸಮಯ ಹೆಚ್ಚುಕಡಿಮೆ ಅಷ್ಟೇ ಹಿಡಿಯುತ್ತೆ. ರೈಲ್ವೆ ಸ್ಟೇಷನ್‌ನಿಂದ ಹಳೇ ಊರಿಗೆ ಇಪ್ಪತ್ತು ನಿಮಿಷದ ನಡಿಗೆ.

ಊರು ಎರಡು ಭಾಗ ಅಂತ ತಿಳಿದುಕೊಳ್ಳಿ. ನೆಲದ ಮೇಲಿನ ಹೊಸ ಊರಿನ ಅಂಚಿಗೆ ನಿಯಾಪೊಲಿಸ್ ಅನ್ನುವ ಪುರಾತತ್ವ ಪಾರ್ಕ್. ಸೇತುವೆ ದಾಟಿದರೆ ಒರ್ತೀಜಿಯಾ, ಪುಟ್ಟ ದ್ವೀಪ. ಹಳೇ ಊರು ಅಂದರೆ ಇದೇ. ಗ್ರೀಕರು ಕ್ರಿ.ಪೂ. 8ನೇ ಶತಮಾನದಲ್ಲಿ ಬಂದು ನೆಲೆಸಿದ್ದು ಇಲ್ಲೇ.

ನಮ್ಮ ಮಗ ಎಂಟನೇ ಕ್ಲಾಸು. ಅವನು ಈ ಪ್ರವಾಸಕ್ಕೆ ಒಪ್ಪಿದ್ದೇ ಆರ್ಕಿಮಿಡೀಸ್ ಹುಟ್ಟಿದ ಊರು ಅನ್ನೋ ಕಾರಣಕ್ಕೆ. ಹಾಗಾಗಿ ಮೊದಲು ನಿಯಾಪೊಲಿಸ್‌ಗೆ ಹೋದೆವು. ಗೇಟಿನ ಹೊರಗೆ ರಸ್ತೆವರೆಗೂ ಸಾಲು. ಫ್ರೀ ಅಂದಮೇಲೆ ಊರವರೂ ಬರುತ್ತಾರೆ, ಟೂರಿಸ್ಟರೂ ಬರುತ್ತಾರೆ. ಮುಕ್ಕಾಲು ಗಂಟೆ ನಿಂತೆವು. ನಾನು ಬಿಸಿಲು ತಡೆದುಕೊಳ್ಳುತ್ತೇನೆ, ಎಷ್ಟು ದೂರ ಬೇಕಾದರೂ ನಡೆಯುತ್ತೇನೆ, ಗದ್ದಲ ಮಾತ್ರ ನನಗೆ ಆಗಿಬರುವುದಿಲ್ಲ. ನನ್ನ ಸಲಹೆಗಳನ್ನೆಲ್ಲ ಈ ಲೆಕ್ಕದಲ್ಲೇ ಓದಿಕೊಳ್ಳಿ.

ಒಳಗೆ ಇನ್ನೊಂದು ನಿರಾಸೆ ಕಾದಿತ್ತು. ಬಂಡೆಯನ್ನೇ ಕಡಿದು ಮಾಡಿದ ಗ್ರೀಕ್ ರಂಗಮಂದಿರ ಇಲ್ಲಿನ ಹೆಮ್ಮೆ. 138 ಮೀಟರ್ ಅಗಲ. ಆದರೆ ನಾವು ಹೋದಾಗ ಕಲ್ಲಿನ ಮೆಟ್ಟಿಲುಗಳ ಮೇಲೆಲ್ಲ ಮರದ ಹಲಗೆ ಜೋಡಿಸಿದ್ದರು. ಬೇಸಿಗೆಯ ಶುರುವಿನಲ್ಲಿ ಇಲ್ಲಿ ಹಳೇ ಗ್ರೀಕ್ ನಾಟಕಗಳನ್ನು ಆಡುತ್ತಾರೆ. ಈ ಉತ್ಸವ 1914ರಲ್ಲಿ ಶುರುವಾದದ್ದು. ಪ್ರೇಕ್ಷಕರು ಕೂರಲಿ, ಕಲ್ಲೂ ಸವೆಯದಿರಲಿ ಅಂತ ಹಲಗೆ ಹಾಸುತ್ತಾರೆ. ಅದು ಸರಿಯೇ. ಆದರೆ ಎರಡು ಸಾವಿರ ವರ್ಷದ ಕಲ್ಲು ನೋಡಬೇಕು ಅಂತ ಬಂದವರಿಗೆ ಹಲಗೆ ಕಾಣುತ್ತೆ. ಕಲ್ಲೇ ನೋಡಬೇಕು ಅಂದರೆ ಅಕ್ಟೋಬರಿನಲ್ಲಿ ಹೋಗಿ. ನಾಟಕ ನೋಡುವ ಆಸೆ ಇದ್ದರೆ ಮೇ, ಜೂನ್‌ನಲ್ಲಿ ಹೋಗಿ, ಸಂಜೆಯ ಟಿಕೆಟ್ ಮೊದಲೇ ತೆಗೆದುಕೊಳ್ಳಿ.

ಮಗ ಮಾತ್ರ ಖುಷಿಯಾಗಿದ್ದ. ಈ ರಂಗಮಂದಿರಕ್ಕೆ ಇವತ್ತಿನ ರೂಪ ಕೊಟ್ಟದ್ದು ಕ್ರಿ.ಪೂ. 3ನೇ ಶತಮಾನದ ರಾಜ ಎರಡನೇ ಹೀರೋನ್. ಕಿರೀಟದ ಚಿನ್ನ ಶುದ್ಧವೋ ಕಲಬೆರಕೆಯೋ ಕಂಡುಹಿಡಿ ಅಂತ ಆರ್ಕಿಮಿಡೀಸ್‌ಗೆ ಹೇಳಿದ ಅಂತ ಕಥೆ ಇದೆಯಲ್ಲ, ಅದೇ ರಾಜ. "ಅಮ್ಮಾ, ಯುರೇಕಾ ರಾಜ ಇವನೇ!" ಅಂತ ಅವನು ಕೂಗಿದ್ದಕ್ಕೆ ಸುತ್ತಲಿನ ನಾಲ್ಕು ಜನ ತಿರುಗಿ ನೋಡಿದರು. ಅದೇ ರಾಜ ಕಟ್ಟಿಸಿದ ಬಲಿಪೀಠವೂ ಪಾರ್ಕಿನಲ್ಲೇ ಇದೆ. ಹೆಚ್ಚುಕಡಿಮೆ 200 ಮೀಟರ್ ಉದ್ದ. ಈಗ ಉಳಿದಿರುವುದು ಬರೀ ಅಡಿಪಾಯ.

ಪಕ್ಕದಲ್ಲೇ ಕಲ್ಲುಗಣಿ. ಡಯೋನೀಸಿಯಸ್‌ನ ಕಿವಿ ಅನ್ನುವ ಗುಹೆ ಅದರೊಳಗಿದೆ. ಡಯೋನೀಸಿಯಸ್ ಅಂದರೆ ಈ ಊರನ್ನು ಆಳಿದ್ದ ಹಳೇ ಸರ್ವಾಧಿಕಾರಿ. 23 ಮೀಟರ್ ಎತ್ತರ, ಒಳಕ್ಕೆ 65 ಮೀಟರ್ ಆಳ. ಬಾಗಿಲು ನಿಜಕ್ಕೂ ಕಿವಿಯ ಆಕಾರ. ಆ ಹೆಸರಿಟ್ಟದ್ದು 1608ರಲ್ಲಿ ಇಲ್ಲಿಗೆ ಬಂದಿದ್ದ ಚಿತ್ರಕಾರ ಕರವಾಜ್ಜೊ ಅಂತಾರೆ. ಒಳಗೆ ಪಿಸುಗುಟ್ಟಿದರೂ ದೊಡ್ಡದಾಗಿ ಕೇಳುತ್ತೆ ಅನ್ನೋದು ಇಲ್ಲಿನ ವಿಶೇಷ. ಆ ದಿನ ನೂರು ಜನ ಒಟ್ಟಿಗೆ ಕಿರುಚುತ್ತಿದ್ದರು. ನಮಗೆ ಕೇಳಿದ್ದು ಬರೀ ಗದ್ದಲ. ಇಂಥ ಗಣಿಗಳಲ್ಲೇ ಕ್ರಿ.ಪೂ. 413ರಲ್ಲಿ ಸೋತ ಅಥೆನ್ಸಿನ ಸಾವಿರಾರು ಸೈನಿಕರನ್ನು ಕೂಡಿಹಾಕಿದ್ದರು. ಹಸಿವಿನಿಂದ, ರೋಗದಿಂದ ಎಷ್ಟೋ ಜನ ಇಲ್ಲೇ ಸತ್ತರು. ಈಗ ಅಲ್ಲಿ ನಿಂಬೆ ಮರಗಳ ನೆರಳು.

ಆರ್ಕಿಮಿಡೀಸ್ ಸಮಾಧಿ ಅಂತ ತೋರಿಸುವ ಒಂದು ಗೂಡು ಇದೆ. ಅದು ಅವನದ್ದಲ್ಲ, ಬಹಳ ಕಾಲದ ನಂತರದ ರೋಮನ್ನರದ್ದು. ಮಕ್ಕಳಿಗೆ ಇದನ್ನು ಮೊದಲೇ ಹೇಳಿ. ನಿಜವಾದ ಸಮಾಧಿಯನ್ನು ಕ್ರಿ.ಪೂ. 75ರಲ್ಲಿ ಸಿಸಿಲಿಗೆ ರೋಮಿನ ಅಧಿಕಾರಿಯಾಗಿ ಬಂದ ಸಿಸೆರೊ ಮುಳ್ಳುಪೊದೆಯ ನಡುವೆ ಹುಡುಕಿ ತೆಗೆಸಿದ್ದ. ಕಲ್ಲಿನ ಮೇಲೆ ಗೋಳ ಮತ್ತು ಸಿಲಿಂಡರ್ ಇದ್ದದ್ದರಿಂದ ಅವನಿಗೆ ಗುರುತು ಸಿಕ್ಕಿತು. ಆಮೇಲೆ ಅದು ಮತ್ತೆ ಕಳೆದುಹೋಯಿತು. ಗೋಳದ ಘನಫಲ ಸಿಲಿಂಡರಿನ ಮೂರರಲ್ಲಿ ಎರಡು ಪಾಲು ಅಂತ ಮಗ ಅಜ್ಜಿಗೆ ವಿವರಿಸುತ್ತಾ ನಡೆದ.

ಒಂದೂವರೆಗೆ ಹೊರಬಿದ್ದೆವು. ಸಿಟಿ ಬಸ್ಸಿಗೆ ಕಾದು ಬೇಸತ್ತು ಟ್ಯಾಕ್ಸಿ ಹಿಡಿದು ಒರ್ತೀಜಿಯಾಗೆ ಹೋದೆವು. ನಾನು ಎಷ್ಟೋ ದಿನದಿಂದ ಆಸೆ ಇಟ್ಟುಕೊಂಡಿದ್ದು ಅಪೊಲೊ ದೇವಸ್ಥಾನದ ಪಕ್ಕದ ಸಂತೆಗೆ. ಹಣ್ಣು, ಆಲಿವ್, ಚೀಸ್, ಮೀನು ಎಲ್ಲ ಒಂದೇ ಬೀದಿಯಲ್ಲಿ. ಹೋಗಿ ನೋಡಿದರೆ ಬೀದಿ ಖಾಲಿ! ಸಂತೆ ಸೋಮವಾರದಿಂದ ಶನಿವಾರದವರೆಗೆ, ಅದೂ ಬೆಳಿಗ್ಗೆ ಮಾತ್ರ. ಭಾನುವಾರ ಇಲ್ಲ.

ಹೊಟ್ಟೆ ತಾಳ ಹಾಕುತ್ತಿತ್ತು. ಆಗ ಹಿಂದಿನ ಓಣಿಯಲ್ಲಿ ಒಂದು ಪುಟ್ಟ ಅಂಗಡಿ ಕಂಡಿತು. ಗಾಜಿನ ಪೆಟ್ಟಿಗೆ, ಒಳಗೆ ಕರಿದ ತಿಂಡಿ, ಹೊರಗೆ ಮೂರು ಪ್ಲಾಸ್ಟಿಕ್ ಮೇಜು. ಬೋರ್ಡು ಇಲ್ಲ, ಫೋಟೋ ಹಾಕಿದ ಮೆನು ಇಲ್ಲ. ಇಡೀ ಪ್ರವಾಸದಲ್ಲಿ ನಾವು ಉಂಡ ಒಳ್ಳೇ ಊಟ ಇದೇ.

ನಾವು ಪೂರ್ತಿ ಸಸ್ಯಾಹಾರಿಗಳು, ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಸಿಸಿಲಿಯ ಅರಂಚಿನೊ ಅಂದರೆ ಅನ್ನದ ದೊಡ್ಡ ಉಂಡೆ, ಹೊರಗೆ ಬ್ರೆಡ್ ಪುಡಿ ಹಚ್ಚಿ ಕರಿದದ್ದು. ಸುಮ್ನೆ ಕೇಳಿದರೆ ಕೊಡುವುದು ಮಾಂಸ ತುಂಬಿದ್ದನ್ನು. "ಸೆಂಜಾ ಕಾರ್ನೆ, ಸೆಂಜಾ ಪೆಶ್ಶೆ" ಅಂತ ಹೇಳಿ, ಮಾಂಸ ಬೇಡ, ಮೀನು ಬೇಡ ಅಂತ ಅರ್ಥ. ಅನ್ನ ಬೇಯಿಸಿದ ನೀರು ಮಾಂಸದ ರಸವಾ ಅಂತಲೂ, ಹೊರಗಿನ ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅಂತಲೂ ಕೇಳಿ. ಫೋನಿನಲ್ಲಿ ಅನುವಾದ ಮಾಡಿ ತೋರಿಸಿದೆ. ಅಂಗಡಿಯ ಹೆಂಗಸು ಓದಿ, ಒಳಗೆ ಹೋಗಿ, ಅಡುಗೆ ಮಾಡುವವರನ್ನು ಕೇಳಿಕೊಂಡು ಬಂದು, ಬದನೆಕಾಯಿಯ ಅರಂಚಿನೊ ಇದ್ದ ತಟ್ಟೆ ಮುಟ್ಟಿ ತೋರಿಸಿದಳು. ಹಿಟ್ಟು ಮತ್ತು ನೀರು ಮಾತ್ರ, ಮೊಟ್ಟೆ ಇಲ್ಲ.

ಮುರಿದ ಕೂಡಲೇ ಹಬೆ ಎದ್ದಿತು. ಮೇಲಿನ ಪದರ ಕರುಂ ಅಂತು. ಒಳಗೆ ಕೇಸರಿ ಬಣ್ಣದ ಅನ್ನ, ನಡುವೆ ಟೊಮೆಟೊದಲ್ಲಿ ಬೆಂದು ಕರಗಿದ ಬದನೆಕಾಯಿ, ಎಳೆ ಎಳೆಯಾಗಿ ಜಗ್ಗುವ ಚೀಸ್. ಜೊತೆಗೆ ಕಪೊನಾತಾ ತಗೊಂಡೆವು. ಬದನೆಕಾಯಿ ಕರಿದು, ಈರುಳ್ಳಿ, ಸೆಲರಿ, ಟೊಮೆಟೊ, ಆಲಿವ್ ಹಾಕಿ, ವಿನೆಗರ್ ಮತ್ತು ಸಕ್ಕರೆಯಲ್ಲಿ ಹದ ಮಾಡಿದ್ದು. ಅತ್ತೆ ಒಂದು ತುತ್ತು ಬಾಯಿಗಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಇದು ಬದನೆಕಾಯಿ ಗೊಜ್ಜೇ ಅಲ್ದನೇ, ಬೆಲ್ಲದ ಬದಲಿಗೆ ಸಕ್ಕರೆ ಹಾಕಿದ್ದ" ಅಂದರು. ಬ್ರೆಡ್ಡಿನಲ್ಲಿ ಬಟ್ಟಲು ಒರೆಸಿ ತಿಂದರು. ಐದು ಜನಕ್ಕೆ ನೀರೂ ಸೇರಿ 18 ಯೂರೋ. ಕಾಸಿಗೆ ತಕ್ಕ ಕಜ್ಜಾಯ ಅಂತಾರೆ, ಇಲ್ಲಿ ಕಾಸಿಗಿಂತ ಕಜ್ಜಾಯವೇ ದೊಡ್ಡದಿತ್ತು.

ಅದೇ ದಿನ ಸಂಜೆ ದೊಡ್ಡ ಚೌಕದ ಕುರ್ಚಿಯಲ್ಲಿ ಕೂತು ಎರಡು ಕಾಫಿ, ಮೂರು ಜ್ಯೂಸ್ ಕುಡಿದದ್ದಕ್ಕೆ 31 ಯೂರೋ ಕೊಟ್ಟೆವು. ಕೂತರೆ ಒಂದು ರೇಟು, ಕೌಂಟರಿನಲ್ಲಿ ನಿಂತು ಕುಡಿದರೆ ಇನ್ನೊಂದು. ಊಟಕ್ಕೆ ಕೂತರೆ ತಲೆಗೆ ಇಷ್ಟು ಅಂತ ಕೊಪೆರ್ತೊ ಬೇರೆ ಸೇರಿಸುತ್ತಾರೆ. ಮೆನುವಿನ ಕೊನೆಯ ಸಾಲು ಓದಿಯೇ ಕೂರಿ.

ಚೌಕ ಅಂದೆನಲ್ಲ, ಅಲ್ಲಿನ ಕೆಥೆಡ್ರಲ್ ತಪ್ಪಿಸಬೇಡಿ. ಮುಂದಿನಿಂದ ನೋಡಿದರೆ 1693ರ ಭೂಕಂಪದ ನಂತರ ಕಟ್ಟಿದ, ಬರೋಕ್ ಅನ್ನುವ ಅಲಂಕಾರದ ಶೈಲಿಯ ಮುಖ. ಪಕ್ಕದ ಓಣಿಗೆ ಬಂದು ಗೋಡೆ ನೋಡಿ. ಇಟ್ಟ ಕಲ್ಲುಗಳ ನಡುವೆ ದಪ್ಪ ದಪ್ಪ ಗ್ರೀಕ್ ಕಂಬಗಳು ಅರ್ಧ ಹೊರಗೆ ಚಾಚಿ ನಿಂತಿವೆ. ಅದು ಕ್ರಿ.ಪೂ. 5ನೇ ಶತಮಾನದ ಅಥೀನಾ ದೇವಿಯ ಗುಡಿ. ಕಂಬಗಳ ನಡುವಿನ ಸಂದು ಮುಚ್ಚಿ ಅದನ್ನೇ ಚರ್ಚು ಮಾಡಿದರು. ಅರಬರ ಕಾಲದಲ್ಲಿ ಮಸೀದಿಯೂ ಆಗಿತ್ತು, ಆಮೇಲೆ ಮತ್ತೆ ಚರ್ಚು. ನಾನು ಒಂದು ಕಂಬಕ್ಕೆ ಅಂಗೈ ಒತ್ತಿ ನಿಂತೆ. ಹೊರಗಿನ ಬಿಸಿಲಲ್ಲೂ ಕಲ್ಲು ತಣ್ಣಗಿತ್ತು. ಇಪ್ಪತ್ತೈದು ಶತಮಾನ ಜನ ಕೈಮುಗಿಯುವುದನ್ನು ಬಿಟ್ಟಿಲ್ಲದ ಜಾಗ ಅದು. ನನಗೆ ಕಣ್ಣು ತುಂಬಿ ಬಂತು. ಭುಜ ಮುಚ್ಚುವ ಬಟ್ಟೆ ಇಟ್ಟುಕೊಳ್ಳಿ. ಅತ್ತೆಯ ಸೀರೆ ಸೆರಗಿಗೆ ಯಾರೂ ಏನೂ ಅನ್ನಲಿಲ್ಲ.

ಆರ್ಕಿಮಿಡೀಸ್ ಹೆಸರಿನ ಚೌಕಕ್ಕೆ ಹೋದರೆ ಅಲ್ಲಿರುವುದು ಡಯಾನಾ ದೇವತೆಯ ಕಾರಂಜಿ. ಆರ್ಕಿಮಿಡೀಸ್‌ನ ಪ್ರತಿಮೆ ಇರುವುದು ಸೇತುವೆಯ ಹತ್ತಿರ. ಮಕ್ಕಳಿಗೆ ಫೋಟೋ ಬೇಕಿದ್ದರೆ ಅಲ್ಲಿ ತೆಗೆಯಿರಿ.

ಅತ್ತೆಗೆ ಎಲ್ಲಕ್ಕಿಂತ ಹಿಡಿಸಿದ್ದು ಅರೆತೂಸಾ ಬುಗ್ಗೆ. ಸಮುದ್ರಕ್ಕೆ ಹತ್ತು ಹೆಜ್ಜೆ ದೂರದಲ್ಲಿ ನೆಲದಿಂದ ಉಕ್ಕುವ ನೀರು. ದುಂಡನೆಯ ಕೊಳ, ನಡುವೆ ಪಪೈರಸ್ ಗಿಡಗಳು, ಅವುಗಳ ಬುಡದಲ್ಲಿ ಬಾತುಕೋಳಿ. ನದಿ ದೇವರು ಬೆನ್ನುಹತ್ತಿದಾಗ ತಪ್ಪಿಸಿಕೊಂಡ ಹುಡುಗಿಯೊಬ್ಬಳು ಗ್ರೀಸಿನಲ್ಲಿ ನೀರಾಗಿ, ಕಡಲ ತಳದಲ್ಲಿ ಹರಿದು ಬಂದು ಇಲ್ಲಿ ಮೇಲೆದ್ದಳು ಅಂತ ಕಥೆ. ಅತ್ತೆ ಕುಮಟಾದವರು. ಕಟಕಟೆ ಹಿಡಿದು ಬಗ್ಗಿ ನೋಡಿ, "ಮಾಣಿ, ಇದು ಗೋಕರ್ಣದ ರಾಮತೀರ್ಥದ ಹಾಂಗೇ ಇದ್ದು" ಅಂತ ಮೊಮ್ಮಗನನ್ನು ಕರೆದರು. ರಾಮತೀರ್ಥವೂ ಕಡಲ ಪಕ್ಕದ ಬುಗ್ಗೆಯೇ. ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ನಾನೂ ಅವಸರ ಮಾಡಲಿಲ್ಲ. ಹಾಗಾಗಿ ದ್ವೀಪದ ತುದಿಯ ಮಾನಿಯಾಚೆ ಅನ್ನುವ ಕೋಟೆ ಹೊರಗಿನಿಂದಲೇ ನೋಡಿದ್ದಾಯಿತು.

ಅಷ್ಟರಲ್ಲಿ ಇವರು ಮಕ್ಕಳನ್ನು ಪೂರ್ವದ ಕಡೆಯ ಕಾಲಾ ರೋಸ್ಸಾ ಅನ್ನೋ ಸಣ್ಣ ಕಡಲತೀರಕ್ಕೆ ಕರೆದುಕೊಂಡು ಹೋಗಿದ್ದರು. ಜಾಗ ಚಿಕ್ಕದು, ಬರೀ ಬೆಣಚುಕಲ್ಲು, ನೀರು ಮಾತ್ರ ಗಾಜಿನ ಹಾಗೆ. ಮಕ್ಕಳಿಗೆ ರಬ್ಬರ್ ಚಪ್ಪಲಿ ಬೇಕೇ ಬೇಕು. ಬೆಳಗಿನ ವಾಂತಿ ಮರೆತು ಮಗಳು ಬಾದಾಮಿ ಗ್ರನೀತಾ ಎರಡು ಲೋಟ ತಿಂದಳು. ಬಾದಾಮಿ, ನೀರು, ಸಕ್ಕರೆ ಸೇರಿಸಿ ಪುಡಿ ಐಸಿನ ಹಾಗೆ ಹೆಪ್ಪುಗಟ್ಟಿಸಿದ್ದು, ಅಷ್ಟೇ. ಜೊತೆಗೆ ಕೊಡುವ ಬ್ರಿಯೋಶ್ ಬನ್ನಿನಲ್ಲಿ ಮೊಟ್ಟೆ ಇರುತ್ತೆ, ನೆನಪಿಡಿ.

ಜುಲೈ, ಆಗಸ್ಟ್‌ನಲ್ಲಿ ವಯಸ್ಸಾದವರನ್ನು ಕರೆತರಬೇಡಿ. 2021ರ ಆಗಸ್ಟ್‌ನಲ್ಲಿ ಇದೇ ಸಿರಾಕೂಸಾದ ಹತ್ತಿರ 48.8 ಡಿಗ್ರಿ ದಾಖಲಾಗಿತ್ತು. ಇಡೀ ಯುರೋಪಿಗೇ ಅದು ದಾಖಲೆ. ನೀರಿನ ಬಾಟಲಿ, ಟೋಪಿ, ಕೊಡೆ ಬಿಟ್ಟು ಹೊರಡಬೇಡಿ.

ವಾಪಸ್ಸು ಬಸ್ಸಿನ ಸಹವಾಸವೇ ಬೇಡ ಅಂತ ರೈಲು ಹಿಡಿದೆವು. ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರಂ ಮೇಲಿನ ಮೆಷಿನ್‌ಗೆ ತೂರಿಸಿ ಮುದ್ರೆ ಹಾಕಿಸಬೇಕು. ಮರೆತರೆ ದಂಡ. ಖಾಲಿ ಬೋಗಿ, ತಣ್ಣನೆ ಎಸಿ, ಐದೂ ಜನ ಒಟ್ಟಿಗೆ. ಕಡಲ ಪಕ್ಕದಲ್ಲೇ ದಾರಿ. ಅಗುಸ್ತಾ ಕಡೆ ಬಂದಾಗ ಮೈಲುಗಟ್ಟಲೆ ತೈಲ ಶುದ್ಧೀಕರಣ ಘಟಕಗಳ ದೀಪಗಳು. ಮಗಳು ನಿದ್ದೆಗೆ ಜಾರಿದ್ದಳು. ಅವಳ ಮುಚ್ಚಿದ ಮುಷ್ಟಿಯಲ್ಲಿ ಕಾಲಾ ರೋಸ್ಸಾದ ಎರಡು ಬೆಣಚುಕಲ್ಲು ಇನ್ನೂ ಒದ್ದೆಯಾಗಿದ್ದವು.