ಒಳಗಿನವು ಎಷ್ಟಿವೆ?

“ಒಳಗಿನವು ಎಷ್ಟಿವೆ?” ಎಂದು ಅವರು ಕೇಳಿದರು. “ಚೆನ್ನಾಗಿವೆ” ಎಂದೆ. “ಚೆನ್ನಾಗಿವೆ ಅನ್ನುವುದು ಅಂಕಿಯಲ್ಲವಲ್ಲ” ಎಂದವರೇ ನನ್ನ ಕೈಯಲ್ಲಿದ್ದ, ಟೈರಿನ ಗಾಳಿ ಅಳೆಯುವ ಗೇಜನ್ನು ತೆಗೆದುಕೊಂಡು ಪಿಕಪ್ಪಿನ ಹಿಂಬದಿಗೆ ನಡೆದರು. ನಾಲ್ಕು ದಿನ ಕಳೆದರೂ ಆ ಮಾತು ಕಿವಿಯಿಂದ ಹೋಗಿಲ್ಲ.

ಟ್ರೇಲರ್ ಕಟ್ಟಿಕೊಂಡು ದೂರ ಹೊರಡುವ ಹಿಂದಿನ ಸಂಜೆಯದು. ಬಹುಕಾಲ ಲಾರಿ ಓಡಿಸಿ ಈಗ ಬಿಡುವಾಗಿರುವ ಆ ಹಿರಿಯರನ್ನು ನಾನು ಕರೆದದ್ದು ಟ್ರೇಲರಿನ ಕೊಂಡಿ ಸರಿಯಾಗಿ ಕೂತಿದೆಯೇ ಎಂದು ನೋಡಲಷ್ಟೇ. ಅವರದು ಸ್ವಲ್ಪ ಒರಟು ನಾಲಗೆ. ಹೊಗಳಬೇಕಾದ ಕಡೆ ಸುಮ್ಮನಿರುತ್ತಾರೆ, ಸುಮ್ಮನಿರಬಹುದಾದ ಕಡೆ ಕೇಳಿಯೇ ಬಿಡುತ್ತಾರೆ. ನನ್ನ ಪಿಕಪ್ಪಿಗೆ ಹಿಂದೆ ಒಂದೊಂದು ಬದಿಗೂ ಒಳಗೊಂದು ಹೊರಗೊಂದು ಜೋಡಿ ಟೈರು. ಮುಂದಿನ ಎರಡು ಟೈರುಗಳ ಗಾಳಿಯನ್ನೂ ಹಿಂದಿನ ಜೋಡಿಗಳಲ್ಲಿ ಹೊರಗಿನ ಎರಡರ ಗಾಳಿಯನ್ನೂ ನಾನು ಅಷ್ಟರಲ್ಲಿ ಅಳೆದು ಮುಗಿಸಿದ್ದೆ. ಒಳಗಿನವುಗಳ ಸಮಾಚಾರವನ್ನು ಹೊರಗಿನವುಗಳಿಗೆ ಬೂಟಿನಿಂದ ಒಂದೊಂದು ಒದ್ದು ತಿಳಿದುಕೊಂಡಿದ್ದೆ ಎಂದು ಈಗ ಬರೆಯುವಾಗ ನಗು ಬರುತ್ತದೆ.

ಬಾಗಿಲ ಪಟ್ಟಿಯ ಚೀಟಿ ಹೇಳುವಂತೆ ಹಿಂದಿನ ನಾಲ್ಕಕ್ಕೂ ತಣ್ಣಗಿರುವಾಗ ಗಾಳಿಯ ಒತ್ತಡ 65 ಪಿಎಸ್‌ಐ ಇರಬೇಕು. ಎಡಗಡೆಯ ಹೊರಗಿನದು 66 ಇತ್ತು, ಒಳಗಿನದು 28. ಅವರು ಗೇಜನ್ನು ನನ್ನ ಮುಖದ ಹತ್ತಿರ ಹಿಡಿದರೇ ಹೊರತು ಏನೂ ಹೇಳಲಿಲ್ಲ.

ಒಂಟಿ ಟೈರಿನ ಗಾಳಿ ಇಳಿದರೆ ಗಾಡಿ ಆ ಕಡೆಗೆ ವಾಲುತ್ತದೆ, ಸ್ಟೀರಿಂಗ್ ಎಳೆಯುತ್ತದೆ, ದಾರಿಯಲ್ಲಿ ಹೋಗುವವರೂ ಕೂಗಿ ಹೇಳುತ್ತಾರೆ. ಜೋಡಿ ಟೈರಿನಲ್ಲಿ ಹಾಗಾಗುವುದಿಲ್ಲ. ಒಂದು ಕೈಬಿಟ್ಟ ಭಾರವನ್ನು ಇನ್ನೊಂದು ಮಾತಿಲ್ಲದೆ ಹೊತ್ತುಕೊಳ್ಳುತ್ತದೆ, ಗಾಡಿ ನೆಟ್ಟಗೆ ನಿಂತಿರುತ್ತದೆ. ನನ್ನ ಟೈರುಗಳ ಮೇಲೆ 120/117 ಎಂದು ಬರೆದಿದೆ. ಮೊದಲ ಅಂಕಿಗೆ ಒಂಟಿಯಾಗಿ 1,400 ಕಿಲೋ, ಎರಡನೆಯದಕ್ಕೆ ಜೋಡಿಯಲ್ಲಿ ತಲಾ 1,285 ಕಿಲೋ ಎಂದು ಅರ್ಥ, ಅದೂ 80 ಪಿಎಸ್‌ಐ ತುಂಬಿರುವಾಗ. ಟ್ರೇಲರ್ ಸಮೇತ ತೂಗಿಸಿದಾಗ ನನ್ನ ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಮೇಲೆ 3,000 ಕಿಲೋ ಬಂದಿತ್ತು, ಅಂದರೆ ಒಂದು ಬದಿಗೆ 1,500. ಇಬ್ಬರು ಹಂಚಿಕೊಂಡರೆ ಅದು ಲೆಕ್ಕಕ್ಕೇ ಇಲ್ಲದ ಭಾರ; ಒಳಗಿನದು ಪೂರ್ತಿ ಕೈಬಿಟ್ಟರೆ ಹೊರಗಿನದರ ಶಕ್ತಿ ಮೀರಿದ ಭಾರ. ಚಾಲಕನಿಗೆ ಇದು ತಿಳಿಯುವುದು ಸಾಮಾನ್ಯವಾಗಿ ಎರಡನೆಯದೂ ಸಿಡಿದಾಗಲೇ. ಅಮೆರಿಕದಲ್ಲಿ 4,536 ಕಿಲೋವರೆಗಿನ ವಾಹನಗಳಿಗೆ ಗಾಳಿ ಇಳಿದರೆ ಎಚ್ಚರಿಸುವ ದೀಪವನ್ನು ಕಡ್ಡಾಯ ಮಾಡಿದ ನಿಯಮವು, ಒಂದೇ ಆಕ್ಸಲ್‌ನಲ್ಲಿ ಜೋಡಿ ಚಕ್ರವಿರುವ ವಾಹನಗಳನ್ನು ಮಾತ್ರ ಹೊರಗಿಟ್ಟಿದೆ. ದೀಪ ಎಲ್ಲಿ ಹೆಚ್ಚು ಬೇಕಿತ್ತೋ ಅಲ್ಲಿಗೇ ವಿನಾಯಿತಿ ಸಿಕ್ಕಿದ್ದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ಗಾಳಿ ಸೋರಿದ್ದು ಮೊಳೆ ಚುಚ್ಚಿ ಅಲ್ಲ. ಒಳಚಕ್ರದ ವಾಲ್ವಿಗೆ ಕೈ ಎಟುಕುವುದು ಕಷ್ಟವೆಂದು ಎರಡು ವರ್ಷದ ಹಿಂದೆ ನಾನೇ ಒಂದು ಕೊಳವೆ ಜೋಡಿಸಿ, ಅದರ ಬಾಯನ್ನು ಹೊರಗಿನ ರಿಮ್ಮಿನ ಕಿಂಡಿಯವರೆಗೆ ತಂದಿದ್ದೆ. ಅದರ ಬುಡ ಸಡಿಲಾಗಿ ಗಾಳಿ ಅಲ್ಲೇ ಹೋಗುತ್ತಿತ್ತು. ಬಾಯಿಗೆ ಮುಚ್ಚಳವೂ ಇರಲಿಲ್ಲ. ಪರೀಕ್ಷೆ ಸುಲಭವಾಗಲೆಂದು ಕೊಳವೆ ಹಾಕಿದವನು ಆ ಸುಲಭವನ್ನೇ ಪರೀಕ್ಷೆ ಎಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿದ್ದೆ. ಕೊಳವೆ ಇಲ್ಲದ ಕಾಲದಲ್ಲಿ ಮೊಣಕೈ ತರಚಿಕೊಂಡಾದರೂ ವಾರಕ್ಕೊಮ್ಮೆ ನೋಡುತ್ತಿದ್ದೆನಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡಿದ್ದು.

ಮರುದಿನ ಟೈರ್ ಅಂಗಡಿಯ ಹುಡುಗ ಬುಡ ಬಿಗಿ ಮಾಡಿ ಗಾಳಿ ತುಂಬಿದರೆ ಮುಗಿಯಿತೆಂದ. ಅವನು ಒಳ್ಳೆಯ ಹುಡುಗನೇ, ಆದರೆ ಅವಸರದವನು. ಹಿರಿಯರು ಬಿಡಲಿಲ್ಲ. ಇರಬೇಕಾದ ಗಾಳಿಯಲ್ಲಿ ಐದನೇ ಒಂದು ಪಾಲು ಕಡಿಮೆಯಾಗಿ ಓಡಿದ ಟೈರನ್ನು ಬಿಚ್ಚಿ ಒಳಗೆ ನೋಡದೆ ತುಂಬಬಾರದು, ಒಳಗಿನ ಎಳೆಗಳು ಮಡಚಿ ಮಡಚಿ ತುಂಡಾಗಿದ್ದರೆ ಗಾಳಿ ತುಂಬುವಾಗಲೇ ಪಕ್ಕೆ ಹರಿದು ಎದುರಿದ್ದವನ ಮುಖಕ್ಕೆ ಬಡಿಯುತ್ತದೆ ಎಂದರು. ಬಿಚ್ಚಿದಾಗ ಒಳಗಿನಿಂದ ಒಂದು ಹಿಡಿ ಕಪ್ಪು ರಬ್ಬರ್ ಪುಡಿ ಉದುರಿತು. ಪಕ್ಕೆಯ ಸುತ್ತ ಬೆರಳಿಗೆ ಸಿಗುವಂಥ ಸುಕ್ಕು. ಹುಡುಗ ಆಮೇಲೆ ಮಾತಾಡಲಿಲ್ಲ.

ಒಂದು ಹೊಸ ಟೈರು ಸಾಕೆಂದು ನಾನು ಅಂದುಕೊಂಡಿದ್ದೆ. ಹೊರಗಿನದರಲ್ಲಿ ಬಟನ್, ಅಂದರೆ ನೆಲಕ್ಕೆ ತಾಗುವ ರಬ್ಬರಿನ ಗೆರೆಗಳ ಆಳ, ಉಳಿದಿದ್ದದ್ದು 5 ಮಿಲಿಮೀಟರ್, ಹೊಸದರಲ್ಲಿ 12. ಅಂದರೆ ವ್ಯಾಸದಲ್ಲಿ 14 ಮಿಲಿಮೀಟರ್ ಅಂತರ. ಜೋಡಿಯಲ್ಲಿ ಸುಮಾರು 6ಕ್ಕಿಂತ ಹೆಚ್ಚಿರಬಾರದು. ಎರಡೂ ಒಂದೇ ಹಬ್‌ಗೆ, ಅಂದರೆ ಚಕ್ರದ ನಡುಗುಂಬಕ್ಕೆ, ಬಿಗಿದ ಚಕ್ರಗಳಾದ್ದರಿಂದ ಸುತ್ತು ಸಮನಾಗಿಯೇ ಸುತ್ತಬೇಕು, ಆದರೆ ಒಂದೊಂದು ಸುತ್ತಿಗೆ ಕ್ರಮಿಸಬೇಕೆನ್ನುವ ದೂರ ಬೇರೆ ಬೇರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ದೊಡ್ಡದು ಭಾರ ಹೊತ್ತು ಬಿಸಿಯಾಗುತ್ತದೆ, ಚಿಕ್ಕದು ನೆಲಕ್ಕೆ ಉಜ್ಜಿಕೊಂಡು ಸವೆಯುತ್ತದೆ. ಎರಡು ಹೊಸದು ಹಾಕಿಸಿದೆ. ಬಿಚ್ಚಿದ ಸಂದಿಯಲ್ಲಿ ಗೋಲಿಯಷ್ಟು ದಪ್ಪದ ಕಲ್ಲೂ ಸಿಕ್ಕಿತು.

ಕೊನೆಗೆ ನಟ್ಟುಗಳ ಸರದಿ. ಕಳೆದ ಬೇಸಿಗೆಯಲ್ಲಿ ಚೆಂದಕ್ಕೆಂದು ರಿಮ್ಮುಗಳಿಗೆ ಬಣ್ಣ ಬಳಿದಿದ್ದ ನಾನು, ಒಂದಕ್ಕೊಂದು ಒತ್ತಿ ಕೂರುವ ಮುಖಗಳಿಗೂ ಬಳಿದುಬಿಟ್ಟಿದ್ದೆ. ಆ ಬಣ್ಣದ ಪದರ ಓಟದಲ್ಲಿ ಜಜ್ಜಿ ತೆಳುವಾದಷ್ಟೂ ನಟ್ಟಿನ ಬಿಗಿ ಕಡಿಮೆಯಾಗುತ್ತದೆ. ಹಿರಿಯರು ತಂತಿ ಬ್ರಷ್ಷನ್ನು ನನ್ನ ಕೈಗೇ ಕೊಟ್ಟು ಅದನ್ನೆಲ್ಲ ಕೆರೆಸಿದರು. ಎಂಟು ನಟ್ಟುಗಳನ್ನು ಎದುರುಬದುರಾಗಿ, ಹಂತ ಹಂತವಾಗಿ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಬಿಗಿಸಿ, ನೂರೈವತ್ತು ಕಿಲೋಮೀಟರಿನ ಒಳಗೆ ನಿಂತು ಮತ್ತೊಮ್ಮೆ ನೋಡಬೇಕೆಂದು ಹೇಳಿ ಕಳಿಸಿದರು.

ನೂರಿಪ್ಪತ್ತರಲ್ಲಿ ನಿಂತು ನೋಡಿದೆ. ಎಡಗಡೆಯ ಎರಡು ನಟ್ಟುಗಳು ಕೂದಲೆಳೆಯಷ್ಟು ತಿರುಗಿ ಕೂತವು. ಅಷ್ಟರಲ್ಲಿ ಅವರ ಫೋನು.

“ಒಳಗಿನವು ಎಷ್ಟಿವೆ?”

ಈ ಸಲ ಉತ್ತರ ಸಿದ್ಧವಿತ್ತು. “ಎರಡೂ 71” ಎಂದೆ, ತುಸು ಹೆಮ್ಮೆಯಿಂದಲೇ.

“ಈಗ ನೋಡಿದ್ದೋ, ಬೆಳಿಗ್ಗೆ ನೋಡಿದ್ದೋ?”

“ಈಗ. ಬೆಳಿಗ್ಗೆ 65 ಇತ್ತು.”

“ಬಿಸಿಯಲ್ಲಿ ಏರಿದೆ. ಇಳಿಸಲು ಹೋಗಬೇಡಿ” ಎಂದು ಫೋನ್ ಇಟ್ಟರು.