ಮೊದಲು ಬಿಡಿಸಿ, ಆಮೇಲೆ ತಿದ್ದಿ

ಕಾರಿಗೆ ಹಾಕುವ 77 ಗಿಗಾಹರ್ಟ್ಸ್ ರೇಡಾರ್‌ನ ಸಿಗ್ನಲ್ ಪ್ರೊಸೆಸಿಂಗ್ ನನ್ನ ಕೆಲಸ. ತಂಡಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಡೇಟಾ ಯಾವ ಆಕಾರದಲ್ಲಿ ಬಂತೋ ಅದನ್ನು ಅವಸರದಲ್ಲಿ ಕೆಡಿಸಬೇಡಿ.

ನಮ್ಮ ಬೋರ್ಡ್‌ನಲ್ಲಿ ಸಿಗ್ನಲ್ ಕಳಿಸುವ ಆಂಟೆನಾ 3, ಹಿಡಿಯುವವು 4. ಇವು 12 ಆಂಟೆನಾಗಳ ಸಾಲಿನಷ್ಟು ಕೆಲಸ ಮಾಡುತ್ತವೆ. ಸಾಮಾನ್ಯವಾಗಿ ಈ 12ನ್ನೂ ಒಂದೇ ಸಾಲಾಗಿ ಜೋಡಿಸಿ ಎಫ್‌ಎಫ್‌ಟಿ (ಸಿಗ್ನಲ್ ಯಾವ ಕೋನದಿಂದ ಬಂತು ಅಂತ ತೋರಿಸುವ ಲೆಕ್ಕ) ಮಾಡುತ್ತಾರೆ. ಟಾರ್ಗೆಟ್, ಅಂದರೆ ರೇಡಾರ್‌ಗೆ ಕಾಣುವ ವಸ್ತು, ಒಂದೇ ಇದ್ದರೆ ಅಷ್ಟು ಸಾಕು. ಆದರೆ 30 ಮೀಟರ್ ದೂರದಲ್ಲಿ ಎರಡು ಬೈಕ್ ಅಕ್ಕಪಕ್ಕ ಬರುತ್ತಿವೆ ಅನ್ನಿ. ವೇಗವೂ ಹೆಚ್ಚುಕಡಿಮೆ ಒಂದೇ. ಈ ಸಾಲು ಬೇರೆ ಮಾಡಿ ತೋರಿಸುವ ಕೋನ ಸುಮಾರು 9.5 ಡಿಗ್ರಿ, ಅಂದರೆ ಅಲ್ಲಿ 5 ಮೀಟರ್. ನಡುವೆ 2 ಮೀಟರ್ ಇದ್ದರೆ ಕಾಣುವುದು ಒಂದೇ ಪೀಕ್.

ಇನ್ನೊಂದು ತೊಂದರೆ ಇದೆ. ಕಳಿಸುವ ಆಂಟೆನಾಗಳು ಒಂದಾದ ಮೇಲೊಂದು ಸರದಿಯಲ್ಲಿ ಕೆಲಸ ಮಾಡುತ್ತವೆ. ಗಂಟೆಗೆ 36 ಕಿ.ಮೀ. ವೇಗದ ಬೈಕ್ 50 ಮೈಕ್ರೋಸೆಕೆಂಡಿನಲ್ಲಿ ಅರ್ಧ ಮಿಲಿಮೀಟರ್ ಮುಂದೆ ಬರುತ್ತದೆ. ಅದೇನು ಮಹಾ ಅನ್ನಿಸುತ್ತದೆ, ಅಲ್ವಾ? ಆದರೆ ನಮ್ಮ ಅಲೆಯ ಉದ್ದವೇ 3.9 ಮಿ.ಮೀ. ಹೋಗಿಬರುವ ದಾರಿ 1 ಮಿ.ಮೀ. ಕಮ್ಮಿಯಾದರೆ ಫೇಸ್ (ಅಲೆ ತನ್ನ ಏರಿಳಿತದ ಸುತ್ತಿನಲ್ಲಿ ಎಲ್ಲಿದೆ ಅನ್ನುವುದು) 90 ಡಿಗ್ರಿಗಿಂತ ಜಾಸ್ತಿ ತಿರುಗುತ್ತದೆ. ಅದು ಕೋನದ ಲೆಕ್ಕದೊಳಗೆ ಸೇರಿಕೊಂಡರೆ ಬೈಕ್ ಬೇರೆಲ್ಲೋ ಕಾಣುತ್ತದೆ.

ಕಳಿಸುವ ಆಂಟೆನಾ, ಹಿಡಿಯುವ ಆಂಟೆನಾ, ಚಿರ್ಪ್ (ಒಂದು ಸಲಕ್ಕೆ ಕಳಿಸುವ ಚಿಕ್ಕ ಸಿಗ್ನಲ್) ಈ ಮೂರನ್ನೂ ಬೇರೆ ಬೇರೆಯಾಗೇ ಇಟ್ಟುಕೊಂಡರೆ ಅದೇ ಟೆನ್ಸರ್, ಅಂದರೆ ಮೂರು ದಿಕ್ಕಿನ ಅಂಕಿಗಳ ಪೆಟ್ಟಿಗೆ. ಪ್ಯಾರಾಫ್ಯಾಕ್ ವಿಧಾನ ಅದನ್ನು ಟಾರ್ಗೆಟ್‌ಗೊಂದು ತುಂಡಿನಂತೆ ಬಿಡಿಸುತ್ತದೆ. ಹಾಗೆ ಬಿಡಿಸಲು ಒಂದೇ ಉತ್ತರ ಇರುವುದು ಯಾವಾಗ ಅನ್ನುವ ಷರತ್ತನ್ನು ಗಣಿತಜ್ಞ ಜೋಸೆಫ್ ಕ್ರುಸ್ಕಲ್ 1977ರಲ್ಲಿ ಕೊಟ್ಟರು. ಆಂಟೆನಾಗೆ 64 ಚಿರ್ಪ್ ಇದ್ದರೆ, ಒಂದೇ ದೂರದಲ್ಲಿದ್ದು ಕೋನ, ವೇಗ ಬೇರೆ ಬೇರೆ ಇರುವ 5 ಟಾರ್ಗೆಟ್‌ವರೆಗೆ ನಮಗೆ ಈ ಭರವಸೆ ಸಿಗುತ್ತದೆ. ಬರೀ ಮ್ಯಾಟ್ರಿಕ್ಸ್‌ನಲ್ಲಿ, ಅಂದರೆ ಎರಡೇ ದಿಕ್ಕಿನ ಕೋಷ್ಟಕದಲ್ಲಿ, ಇದು ಸಿಗುವುದಿಲ್ಲ. ಯಾವ ಕೋನಕ್ಕೆ ಯಾವ ವೇಗ ಅನ್ನುವ ಜೋಡಿಯೂ ತಾನಾಗೇ ಬರುತ್ತದೆ.

ನನಗೆ ತುಂಬಾ ಇಷ್ಟವಾಗುವುದು ಮುಂದಿನದು. ಬೈಕ್ ಸರಿದದ್ದರಿಂದ ಬಂದ ಫೇಸ್, ಆ ಬೈಕಿನ ತುಂಡಿನಲ್ಲಿ ಕಳಿಸುವ ಆಂಟೆನಾಗಳಿಗೆ ಸೇರಿದ ಅಂಕಿಗಳ ಕಾಲಮ್‌ನಲ್ಲೇ ಉಳಿಯುತ್ತದೆ. ಹಿಡಿಯುವ ಕಡೆಯ ಕಾಲಮ್‌ಗೆ ಅದು ತಾಗುವುದಿಲ್ಲ, ಅಲ್ಲಿರುವುದು ಬರೀ ಕೋನ. ಆದ್ದರಿಂದ ಮೊದಲು ಬಿಡಿಸಿ, ಆಮೇಲೆ ಒಂದೊಂದನ್ನೂ ಅದರದೇ ವೇಗದಿಂದ ತಿದ್ದಬಹುದು.

ಎಲ್ಲ ಕಡೆ ಇದು ನಡೆಯುವುದಿಲ್ಲ. ನಮ್ಮ ಕಾರು ನಿಂತಿದ್ದು ಮುಂದೆ ಎರಡು ಕಂಬ ಇದ್ದರೆ, ಚಿರ್ಪ್‌ನಿಂದ ಚಿರ್ಪ್‌ಗೆ ಅವುಗಳಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಕ್ರುಸ್ಕಲ್ ಷರತ್ತು ಅಲ್ಲೇ ಮುರಿಯುತ್ತದೆ. ಆಗ ನಾನು ಸುಮ್ನೆ 12ರ ಸಾಲಿಗೇ ಹೋಗಿ, ಅದನ್ನು ಚಿಕ್ಕ ಸಾಲುಗಳಾಗಿ ಒಡೆದು ಸರಾಸರಿ ತೆಗೆದು, ಮ್ಯೂಸಿಕ್ (MUSIC) ಅನ್ನುವ, ಕೋನ ಹುಡುಕುವ ಅಲ್ಗಾರಿದಮ್ ಓಡಿಸುತ್ತೇನೆ.